ಅಪ್ಪನ ಎಂಆರ್‌ಐ ರಿಪೋರ್ಟಿನ ಕೊನೆಯ ಸಾಲು: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಹಿರಿಯರ ಮೆದುಳಿನ ವೈಟ್ ಮ್ಯಾಟರ್‌ನಲ್ಲಿ (ಬಿಳಿ ಭಾಗದಲ್ಲಿ) ಬದಲಾವಣೆ ಕಂಡ ಮೇಲೆ ಮುಂದೆ ಏನು ಮಾಡಬೇಕು ಎಂದು ಹೇಳುವವರು ಇಲ್ಲದಿರುವ ಬಗ್ಗೆ.

ಮಾನ್ಯರೇ,

ನಮಸ್ಕಾರ. ನಾನು ಬಯಲುಸೀಮೆಯ ಒಂದು ಹೋಬಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಶಿಕ್ಷಕಿ. ಈ ಪತ್ರಕ್ಕೆ ಕಾರಣ ನನ್ನ ಅಪ್ಪ, ಆದರೆ ಕೇಳುತ್ತಿರುವುದು ಅವರೊಬ್ಬರಿಗಾಗಿ ಅಲ್ಲ. ಈಗ ಸಣ್ಣ ಸಣ್ಣ ಪಟ್ಟಣಗಳಲ್ಲೂ ಸ್ಕ್ಯಾನ್ ಸೆಂಟರ್ ಬೋರ್ಡು ಕಾಣುತ್ತದೆ. ಅಲ್ಲಿಂದ ದೊಡ್ಡ ಕವರು ಹಿಡಿದು ಹೊರಗೆ ಬರುವ 60 ದಾಟಿದವರಲ್ಲಿ ಬಹಳ ಮಂದಿಯ ರಿಪೋರ್ಟಿನಲ್ಲಿ ಹೆಚ್ಚುಕಡಿಮೆ ಒಂದೇ ಸಾಲು ಇರುತ್ತದೆ: ಮೆದುಳಿನ ವೈಟ್ ಮ್ಯಾಟರ್‌ನಲ್ಲಿ ಬದಲಾವಣೆ ಇದೆ, ಸಣ್ಣ ರಕ್ತನಾಳಗಳ ತೊಂದರೆಯಿಂದ ಆಗಿರಬಹುದು. ಆ ಸಾಲು ಓದಿದ ಮೇಲೆ ಯಾರು ಏನು ಮಾಡಬೇಕು ಎಂಬುದಕ್ಕೆ ನಮ್ಮ ವ್ಯವಸ್ಥೆಯಲ್ಲಿ ಉತ್ತರ ಇಲ್ಲ. ಏನಾದರೂ ಮಾಡಲು ಆಗುವ ಹೊತ್ತು ಮಾತ್ರ ಅದೇ. ನನ್ನ ದೂರು ಇದು.

ಆಸ್ಪತ್ರೆಯ ಹೆಸರು, ಡಾಕ್ಟರ ಹೆಸರು ಬರೆಯುವುದಿಲ್ಲ. ಒಬ್ಬರನ್ನು ಬೈದು ಮುಗಿಯುವ ವಿಷಯವಾಗಿದ್ದರೆ ನಿಮ್ಮ ತನಕ ಬರುತ್ತಿರಲಿಲ್ಲ.

ಅಪ್ಪನಿಗೆ ಈಗ 72. ಊರಿನ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿಯಾಗಿದ್ದವರು. ಫ್ಯಾಟ್, ಎಸ್‌ಎನ್‌ಎಫ್, ಲೀಟರು, ಬಟವಾಡೆ, ಎಲ್ಲವನ್ನೂ ನಿಂತಲ್ಲೇ ಕೂಡಿ ಹೇಳುತ್ತಿದ್ದರು. ಕೆಲಸ ಬಿಟ್ಟ ಮೇಲೂ ತೋಟದ ಲೆಕ್ಕ, ದೇವಸ್ಥಾನದ ಲೆಕ್ಕ ಅವರ ಕೈಯಲ್ಲೇ ಇತ್ತು. ಮೊದಲು ನಮಗೆ ಕಂಡದ್ದು ಮರೆವಲ್ಲ, ನಿಧಾನ. ಒಂದು ಗಂಟೆಯಲ್ಲಿ ಮುಗಿಯುತ್ತಿದ್ದ ಲೆಕ್ಕಕ್ಕೆ ಬೆಳಗಿನಿಂದ ಸಂಜೆ ಆಗತೊಡಗಿತು. ಉತ್ತರ ಸರಿಯಾಗಿಯೇ ಬರುತ್ತಿತ್ತು. ಮಧ್ಯೆ ಯಾರಾದರೂ ಮಾತಾಡಿಸಿದರೆ ಮಾತ್ರ ಮತ್ತೆ ಮೊದಲಿನಿಂದ ಕೂಡಬೇಕು. ನಡಿಗೆಯ ಹೆಜ್ಜೆ ಚಿಕ್ಕದಾಯಿತು. ಮೂತ್ರಕ್ಕೆ ಅವಸರ ಶುರುವಾಯಿತು. ಮೊದಲು ಪಂಚಾಯಿತಿ ಕಟ್ಟೆ ಮೇಲೆ ಎಲ್ಲರಿಗಿಂತ ಜಾಸ್ತಿ ಮಾತಾಡುತ್ತಿದ್ದವರು ಸುಮ್ಮನೆ ಕೂರತೊಡಗಿದರು. ನಲವತ್ತು ವರ್ಷದ ಹಿಂದೆ ಡೈರಿಗೆ ಹಾಲು ಹಾಕುತ್ತಿದ್ದವರ ಹೆಸರು ಮಾತ್ರ ಒಂದೂ ಬಿಡದೆ ಹೇಳುತ್ತಾರೆ. ಹಾಗಾಗಿ ನೆಂಟರೆಲ್ಲ, 'ಅವರಿಗೇನು ಮರೆವು, ನಮಗಿಂತ ಚೆನ್ನಾಗಿದ್ದಾರೆ' ಎಂದೇ ಹೇಳಿದರು.

ಕೊನೆಗೆ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎಂಆರ್‌ಐ ಮಾಡಿಸಲು ಹೇಳಿದರು. ಮಾಡಿಸಿದೆವು. ರಿಪೋರ್ಟ್ ಪೂರ್ತಿ ಇಂಗ್ಲಿಷಿನಲ್ಲಿತ್ತು. ಕೊನೆಯ ಸಾಲಿನಲ್ಲಿ ವೈಟ್ ಮ್ಯಾಟರ್ ಬದಲಾವಣೆ, ಫಜೇಕಾಸ್ ಗ್ರೇಡ್ 2 (ಬದಲಾವಣೆ ಎಷ್ಟಿದೆ ಎಂದು ಹೇಳುವ ಅಂಕ) ಎಂದಿತ್ತು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, 'ಸ್ಟ್ರೋಕ್ ಇಲ್ಲ, ಗಡ್ಡೆ ಇಲ್ಲ. ಇದೆಲ್ಲ ವಯಸ್ಸಾದವರಿಗೆ ಕಾಮನ್ ಮೇಡಂ' ಎಂದರು. ಅಪ್ಪನನ್ನು ಇವತ್ತು ಯಾವ ವಾರ, ಮುಖ್ಯಮಂತ್ರಿ ಯಾರು ಎಂದು ಕೇಳಿದರು. ಅಪ್ಪ ಎರಡಕ್ಕೂ ಸರಿ ಉತ್ತರ ಕೊಟ್ಟು, 'ನಿಮ್ಮ ಊರು ಯಾವ ಕಡೆ ಸಾರ್?' ಎಂದು ತಿರುಗಿ ಕೇಳಿದರು. ಅಲ್ಲಿಗೆ ಪರೀಕ್ಷೆ ಮುಗಿಯಿತು. ಹೊರಗೆ ಬಿಪಿ ನೋಡಿದ್ದು ಹೇಗೆಂದರೆ, ಮೆಟ್ಟಿಲು ಹತ್ತಿ ಬಂದವರನ್ನು ನಿಂತಲ್ಲೇ ನಿಲ್ಲಿಸಿ, ಅಂಗಿಯ ತೋಳಿನ ಮೇಲೆಯೇ ಪಟ್ಟಿ ಸುತ್ತಿ, 'ಸ್ವಲ್ಪ ಜಾಸ್ತಿ ಇದೆ' ಎಂದಷ್ಟೇ ಬರೆದರು. ಎಷ್ಟು ಜಾಸ್ತಿ, ಎಷ್ಟಿರಬೇಕು, ಮತ್ತೆ ಯಾವಾಗ ನೋಡಬೇಕು, ಯಾವುದೂ ಚೀಟಿಯಲ್ಲಿ ಇರಲಿಲ್ಲ. ಇದ್ದದ್ದು ನೆನಪಿನ ಶಕ್ತಿಗೆ ಗಿಂಕ್ಗೊ ಎಂಬ ಮರದ ಎಲೆಯ ಸಾರದ ಮಾತ್ರೆ, ನರಕ್ಕೆ ಟಾನಿಕ್, ರಕ್ತ ತೆಳುವಾಗಲಿ ಎಂದು ಆಸ್ಪಿರಿನ್, ಮೂತ್ರದ ಅವಸರಕ್ಕೆ ಆಕ್ಸಿಬ್ಯುಟಿನಿನ್.

ಸಚಿವರೇ, ಆ ಚೀಟಿಯನ್ನು ಒಂದು ಸಲ ನನ್ನ ಜೊತೆ ಓದಿ.

ಗಿಂಕ್ಗೊ ಬಗ್ಗೆ ಅಮೆರಿಕದಲ್ಲಿ ದೊಡ್ಡ ಅಧ್ಯಯನವೇ ಆಗಿದೆ. 75 ದಾಟಿದ 3,069 ಮಂದಿ ಅದರಲ್ಲಿದ್ದರು, ನೆನಪು, ಯೋಚನೆಯಲ್ಲಿ ಕುಂದು ಆಗಲೇ ಶುರುವಾಗಿದ್ದವರೂ ಇದ್ದರು. 2008ರಲ್ಲಿ ಬಂದ ಫಲಿತಾಂಶ: ಡಿಮೆನ್ಶಿಯಾ, ಅಂದರೆ ದಿನದ ಕೆಲಸಕ್ಕೂ ಅಡ್ಡಿಯಾಗುವಷ್ಟು ನೆನಪು, ಯೋಚನೆ ಕುಗ್ಗುವ ಕಾಯಿಲೆ, ಬರುವುದು ಕಡಿಮೆಯಾಗಲಿಲ್ಲ. ಆಸ್ಪಿರಿನ್ ಬಗ್ಗೆ ಆಸ್ಟ್ರೇಲಿಯಾ ಮತ್ತು ಅಮೆರಿಕದ 19,114 ಆರೋಗ್ಯವಂತ ಹಿರಿಯರ ಮೇಲೆ ನಡೆದ 'ಆಸ್ಪ್ರೀ' ಅಧ್ಯಯನ ಇದೆ. ಅಲ್ಲೂ ಡಿಮೆನ್ಶಿಯಾ ಕಡಿಮೆಯಾಗಲಿಲ್ಲ, ರಕ್ತಸ್ರಾವ ಜಾಸ್ತಿಯಾಯಿತು. ಹಾರ್ಟ್ ಅಟ್ಯಾಕ್ ಅಥವಾ ಸ್ಟ್ರೋಕ್ ಆಗಿರುವವರ ಮಾತು ಬೇರೆ. ಅವರು ಡಾಕ್ಟರನ್ನು ಕೇಳದೆ ಆಸ್ಪಿರಿನ್ ಬಿಡಬಾರದು, ಇದನ್ನು ಓದಿ ಯಾರೂ ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ. ಅಪ್ಪನಿಗೆ ಎರಡೂ ಆಗಿರಲಿಲ್ಲ. ಇನ್ನು ಆಕ್ಸಿಬ್ಯುಟಿನಿನ್. ವಯಸ್ಸಾದವರಲ್ಲಿ ತಲೆಯನ್ನು ಮಂಕು ಮಾಡಬಲ್ಲ ಔಷಧಿಗಳ ಗುಂಪಿಗೆ ಸೇರಿದ್ದು ಅದು. ವೈಟ್ ಮ್ಯಾಟರ್ ಹಾಳಾದರೆ ಮೂತ್ರದ ಅವಸರ ಬರಬಹುದು, ಆ ಅವಸರಕ್ಕೆ ಕೊಟ್ಟ ಮಾತ್ರೆ ಮಂಕುತನವನ್ನು ಇನ್ನೂ ಹೆಚ್ಚಿಸಬಹುದು. ಮೆದುಳಿಗೆ ಎಲ್ಲಕ್ಕಿಂತ ಮುಖ್ಯವಾಗಿ ಬೇಕಾಗಿದ್ದ ಬಿಪಿ ಹತೋಟಿಗೆ ಚೀಟಿಯಲ್ಲಿ ಜಾಗವೇ ಇರಲಿಲ್ಲ.

ಈ ವೈಟ್ ಮ್ಯಾಟರ್ ಅಂದರೆ ಏನು ಎಂದು ನಮಗೆ ಯಾರೂ ಹೇಳಲಿಲ್ಲ. ಹಾಗಾಗಿ ಓದಿಕೊಂಡೆ. ಸ್ಕೂಲಿನಲ್ಲಿ ಮೆದುಳಿನ ಪಾಠ ಮಾಡುವವಳಾದರೂ ನಾವು ಬೂದು ಭಾಗದ ಬಗ್ಗೆಯೇ ಹೇಳುತ್ತೇವೆ, ಬಿಳಿ ಭಾಗ ಒಂದು ಸಾಲಿನಲ್ಲಿ ಮುಗಿಯುತ್ತದೆ. ಮೆದುಳಿನ ಸುಮಾರು ಅರ್ಧದಷ್ಟು ಇರುವುದೇ ಈ ಬಿಳಿ ಭಾಗ. ಒಂದು ಕಡೆಯ ಜೀವಕೋಶಗಳನ್ನು ಇನ್ನೊಂದು ಕಡೆಗೆ ಸೇರಿಸುವ ನರದ ಎಳೆಗಳು ಇಲ್ಲಿ ಕಟ್ಟುಕಟ್ಟಾಗಿ ಹೋಗುತ್ತವೆ. ಎಳೆಗಳ ಮೇಲೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ, ಬಿಳಿ ಬಣ್ಣ ಅದರಿಂದ ಬಂದದ್ದು. 20ರ ಹರೆಯದಲ್ಲಿ ಈ ಎಳೆಗಳನ್ನೆಲ್ಲ ಸಾಲಾಗಿ ಜೋಡಿಸಿದರೆ ಒಂದೂವರೆ ಲಕ್ಷ ಕಿಲೋಮೀಟರ್ ಆಸುಪಾಸು ಬರುತ್ತದೆ ಎಂದು ಡೆನ್ಮಾರ್ಕಿನ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಆಮೇಲೆ ಪ್ರತಿ 10 ವರ್ಷಕ್ಕೆ ಸುಮಾರು 10 ಪರ್ಸೆಂಟ್ ಕಡಿಮೆಯಾಗುತ್ತಾ ಹೋಗುತ್ತದಂತೆ.

ಈ ಬಿಳಿ ಭಾಗದ ಒಳಕ್ಕೆ ರಕ್ತ ಒಯ್ಯುವ ನಾಳಗಳು ಕೂದಲಿಗಿಂತಲೂ ತೆಳು, ತುಂಬಾ ಉದ್ದ. ಒಂದು ಮುಚ್ಚಿಕೊಂಡರೆ ಪಕ್ಕದ ಇನ್ನೊಂದು ನಾಳ ಬಂದು ಕೈ ಹಿಡಿಯುವುದು ಅಪರೂಪ. ನಮ್ಮ ಕಡೆ ನಾಲೆಯ ಕೊನೆಯ ಹೊಲದವರಿಗೆ ಗೊತ್ತು: ಮೇಲೆ ನೀರು ಸ್ವಲ್ಪ ಕಡಿಮೆಯಾದರೂ ಮೊದಲು ಒಣಗುವುದು ಅವರ ಗದ್ದೆ. ಮೆದುಳಿನ ನಡುವೆ ದ್ರವ ತುಂಬಿದ ಕೋಣೆಗಳಿವೆಯಲ್ಲ, ಅವುಗಳ ಸುತ್ತಲಿನ ಬಿಳಿ ಭಾಗದ ಸ್ಥಿತಿಯೂ ಹಾಗೆಯೇ. ವರ್ಷಗಟ್ಟಲೆ ಬಿಪಿ ಏರಿಯೇ ಇದ್ದರೆ ಆ ಸಣ್ಣ ನಾಳಗಳ ಗೋಡೆ ದಪ್ಪವಾಗಿ ಗಟ್ಟಿಯಾಗುತ್ತದೆ. ಶುಗರ್, ಬೀಡಿ ಸಿಗರೇಟು ಸೇರಿದರೆ ಇನ್ನೂ ಬೇಗ. ರಕ್ತ ಕಡಿಮೆಯಾಗುತ್ತದೆ, ಮೈಲಿನ್ ಕಳಚುತ್ತದೆ, ಆ ಜಾಗದಲ್ಲಿ ನೀರಿನ ಅಂಶ ಹೆಚ್ಚುತ್ತದೆ. ಎಂಆರ್‌ಐನಲ್ಲಿ ಆ ಜಾಗ ಬೆಳ್ಳಗೆ ಹೊಳೆಯುತ್ತದೆ. ಎಷ್ಟು ಹೊಳೆಯುತ್ತಿದೆ ಎನ್ನುವುದಕ್ಕೆ 0ಯಿಂದ 3ರವರೆಗೆ ಕೊಡುವ ಅಂಕವೇ ಫಜೇಕಾಸ್ ಗ್ರೇಡ್. 1987ರಿಂದ ಬಳಕೆಯಲ್ಲಿದೆ. 1 ಅಂದರೆ ಅಲ್ಲಲ್ಲಿ ಚುಕ್ಕೆ, 2 ಅಂದರೆ ಚುಕ್ಕೆಗಳು ಸೇರಿಕೊಳ್ಳಲು ಶುರು, 3 ಅಂದರೆ ದೊಡ್ಡ ದೊಡ್ಡ ಮಚ್ಚೆಗಳಾಗಿ ಕೂಡಿಕೊಂಡಿವೆ ಎಂದರ್ಥ.

ಈ ಎಳೆಗಳು ಕೆಡುವಾಗ ನೆನಪು ಒಮ್ಮೆಗೇ ಅಳಿಸಿಹೋಗುವುದಿಲ್ಲ. ಯೋಚನೆ ನಿಧಾನವಾಗುತ್ತದೆ. ಎರಡು ಕೆಲಸ ಒಟ್ಟಿಗೆ ಆಗುವುದಿಲ್ಲ. ಮೊದಲು ಯಾವುದು, ಆಮೇಲೆ ಯಾವುದು ಎಂದು ಹೊಂದಿಸುವುದು ಕಷ್ಟವಾಗುತ್ತದೆ. ನಡಿಗೆ ಕೆಡುತ್ತದೆ, ಮನಸ್ಸು ಕುಗ್ಗುತ್ತದೆ. ಅಪ್ಪನ ಒಂದೊಂದು ಲಕ್ಷಣವೂ ಆ ಕೊನೆಯ ಸಾಲಿನಲ್ಲೇ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವವರು ಮಾತ್ರ ಇರಲಿಲ್ಲ.

ಡಾಕ್ಟರು ಹೇಳಿದ್ದರಲ್ಲಿ ಸುಳ್ಳಿಲ್ಲ ಎಂಬುದನ್ನೂ ಹೇಳಬೇಕು. ನೆದರ್ಲೆಂಡ್ಸಿನ ರಾಟರ್‌ಡ್ಯಾಮ್ ಸ್ಕ್ಯಾನ್ ಅಧ್ಯಯನದಲ್ಲಿ 60ರಿಂದ 90 ವಯಸ್ಸಿನ ಸಾವಿರಕ್ಕೂ ಹೆಚ್ಚು ಜನರ ಎಂಆರ್‌ಐ ಮಾಡಿದಾಗ 100ಕ್ಕೆ 95 ಮಂದಿಯಲ್ಲಿ ಇಂಥ ಚುಕ್ಕೆ ಸ್ವಲ್ಪವಾದರೂ ಕಂಡಿತ್ತು. ಒಂದೆರಡು ಚುಕ್ಕೆ ಕಂಡು ನಿದ್ದೆಗೆಡುವುದು ಬೇಡ. ಆದರೆ ಎಷ್ಟಿದೆ ಎನ್ನುವುದು ಮುಖ್ಯ, ಅಲ್ವಾ? ಯುರೋಪಿನ ಹಲವು ದೇಶಗಳು ಸೇರಿ ನಡೆಸಿದ 'ಲಾಡಿಸ್' ಅಧ್ಯಯನದಲ್ಲಿ ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಿದ್ದ 600ಕ್ಕೂ ಹೆಚ್ಚು ಹಿರಿಯರನ್ನು ವರ್ಷಗಳ ಕಾಲ ಗಮನಿಸಿದರು. ಬದಲಾವಣೆ ತೀವ್ರವಾಗಿದ್ದವರು ಇನ್ನೊಬ್ಬರನ್ನು ಅವಲಂಬಿಸುವಂತಾಗುವ ಅಥವಾ ಸಾಯುವ ಅಪಾಯ, ಸ್ವಲ್ಪ ಇದ್ದವರಿಗಿಂತ ಎರಡು ಪಟ್ಟಿಗೂ ಜಾಸ್ತಿ ಇತ್ತು. ಬಿಪಿಯೂ ವಯಸ್ಸಾದವರಲ್ಲಿ ಕಾಮನ್ನೇ. ಹಾಗಂತ ಅದನ್ನು ಬಿಟ್ಟುಬಿಡಿ ಎಂದು ಯಾವ ಡಾಕ್ಟರೂ ಹೇಳುವುದಿಲ್ಲ.

ಇನ್ನೊಂದು ವಿಷಯ. ಅಪ್ಪನಿಗೆ ಇರುವುದು ಡಿಮೆನ್ಶಿಯಾ ಅಲ್ಲ. ಅದಕ್ಕಿಂತ ಹಿಂದಿನ ಹಂತ. ಡಾಕ್ಟರುಗಳು ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್, ಚಿಕ್ಕದಾಗಿ ಎಂಸಿಐ ಎನ್ನುತ್ತಾರೆ. ಪರೀಕ್ಷೆ ಮಾಡಿದರೆ ವಯಸ್ಸಿಗೆ ತಕ್ಕದ್ದಕ್ಕಿಂತ ಹೆಚ್ಚು ಕುಂದು ಕಾಣುತ್ತದೆ, ಆದರೆ ಸ್ನಾನ, ಊಟ, ಸಂತೆ, ಬ್ಯಾಂಕು ತಾವೇ ಮಾಡಿಕೊಳ್ಳುತ್ತಾರೆ. ಸ್ಪೆಷಲಿಸ್ಟ್ ಕ್ಲಿನಿಕ್‌ಗಳಿಗೆ ಬರುವ ಇಂಥವರಲ್ಲಿ ವರ್ಷಕ್ಕೆ ಸುಮಾರು 10ರಿಂದ 15 ಪರ್ಸೆಂಟ್ ಮಂದಿ ಡಿಮೆನ್ಶಿಯಾಕ್ಕೆ ಜಾರುತ್ತಾರೆ. ಊರುಗಳಲ್ಲಿ ಹುಡುಕಿ ನೋಡಿದರೆ ಆ ಪ್ರಮಾಣ ಕಡಿಮೆ. ಕೆಲವರು ಹಾಗೇ ಉಳಿಯುತ್ತಾರೆ, ಕೆಲವರು ಸುಧಾರಿಸಿಕೊಳ್ಳುವುದೂ ಉಂಟು. ಆಲ್ಝೈಮರ್‌ನ ದಾರಿಯಲ್ಲಿರುವವರಲ್ಲೂ ಬಿಳಿ ಭಾಗ ಕೆಡುತ್ತದೆ, ಎಷ್ಟೋ ಹಿರಿಯರಲ್ಲಿ ಎರಡೂ ಕಾಯಿಲೆ ಒಟ್ಟಿಗೇ ಇರುತ್ತವೆ. ಆಲ್ಝೈಮರ್ ಪಾಲನ್ನು ತಡೆಯಲು ನಮ್ಮಂಥವರ ಕೈಯಲ್ಲಿ ಇವತ್ತು ಹೆಚ್ಚೇನೂ ಇಲ್ಲ. ರಕ್ತನಾಳದ ಪಾಲು ಹಾಗಲ್ಲ. ಅದಕ್ಕೆ ಬೇಕಾದ ಮಾತ್ರೆ ಪಿಎಚ್‌ಸಿಯ ಕಪಾಟಿನಲ್ಲೇ ಇರುತ್ತದೆ. ಇರಬೇಕು.

ಇದು ನನ್ನ ಆಸೆಯ ಮಾತಲ್ಲ. ಅಮೆರಿಕದ 'ಸ್ಪ್ರಿಂಟ್ ಮೈಂಡ್' ಅಧ್ಯಯನದಲ್ಲಿ ಬಿಪಿ ಇದ್ದ, 50 ದಾಟಿದ 9,361 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೇಲಿನ ಬಿಪಿ 140ರ ಒಳಗೆ, ಇನ್ನೊಂದಕ್ಕೆ 120ರ ಒಳಗೆ ಇರುವಂತೆ ಚಿಕಿತ್ಸೆ. 2019ರಲ್ಲಿ ಫಲಿತಾಂಶ ಬಂತು. 120ರ ಗುಂಪಿನಲ್ಲಿ ಎಂಸಿಐ 19 ಪರ್ಸೆಂಟ್ ಕಡಿಮೆ. ಡಿಮೆನ್ಶಿಯಾ ಕಡಿಮೆಯಾಯಿತೇ ಎಂಬುದನ್ನು ಮಾತ್ರ ಆ ಅಧ್ಯಯನ ಖಚಿತವಾಗಿ ತೋರಿಸಲಿಲ್ಲ. ಅದರಲ್ಲೇ ಕೆಲವರಿಗೆ ಎರಡು ಸಲ ಎಂಆರ್‌ಐ ಮಾಡಿ ಹೋಲಿಸಿದರು. 140ರ ಗುಂಪಿನಲ್ಲಿ ಬಿಳಿ ಮಚ್ಚೆ 1.45 ಘನ ಸೆಂಟಿಮೀಟರ್ ಬೆಳೆದಿತ್ತು, 120ರ ಗುಂಪಿನಲ್ಲಿ 0.92. ಮಚ್ಚೆ ಬೆಳೆಯುವುದು ನಿಲ್ಲಲಿಲ್ಲ, ಆದರೆ ನಿಧಾನವಾಯಿತು.

ಅದು ಅಮೆರಿಕ, ದೊಡ್ಡ ಆಸ್ಪತ್ರೆಗಳ ಕಥೆ ಎನ್ನಬಹುದು. ಹಾಗಾದರೆ ಚೀನಾದ ಹಳ್ಳಿಗಳನ್ನು ನೋಡಿ. ಅಲ್ಲಿ 326 ಹಳ್ಳಿಗಳ ಸುಮಾರು 34,000 ಜನರ ಮೇಲೆ ಒಂದು ಅಧ್ಯಯನ ನಡೆಯಿತು. ಅರ್ಧ ಹಳ್ಳಿಗಳಲ್ಲಿ ಊರಿನ ಆರೋಗ್ಯ ಕಾರ್ಯಕರ್ತರೇ, ಅಂದರೆ ಎಂಬಿಬಿಎಸ್ ಮಾಡದವರೇ, ಡಾಕ್ಟರ ಮೇಲ್ವಿಚಾರಣೆಯಲ್ಲಿ ಬಿಪಿ ಮಾತ್ರೆ ಹೆಚ್ಚುಕಡಿಮೆ ಮಾಡಿ 130/80ರ ಒಳಗೆ ಇಳಿಸಿದರು. ಮನೆಯಲ್ಲಿ ಬಿಪಿ ನೋಡಿಕೊಳ್ಳುವುದನ್ನು ಕಲಿಸಿದರು. ನಾಲ್ಕು ವರ್ಷದಲ್ಲಿ ಆ ಹಳ್ಳಿಗಳಲ್ಲಿ ಡಿಮೆನ್ಶಿಯಾ 15 ಪರ್ಸೆಂಟ್ ಕಡಿಮೆ. 2025ರಲ್ಲಿ ಪ್ರಕಟವಾದ ಫಲಿತಾಂಶ ಇದು. ಆ ಚಿಕಿತ್ಸೆಗೆ ಎಂಆರ್‌ಐ ಮೆಷಿನ್ ಬೇಕಾಗಲಿಲ್ಲ, ನ್ಯೂರಾಲಜಿಸ್ಟ್ ಬೇಕಾಗಲಿಲ್ಲ. ನಮ್ಮ ಸಿಎಚ್‌ಒ (ಉಪಕೇಂದ್ರದ ಆರೋಗ್ಯ ಅಧಿಕಾರಿ), ಎಎನ್‌ಎಂ (ಊರಿನ ನರ್ಸ್), ಆಶಾ ಅಕ್ಕಂದಿರು ಇದನ್ನು ಮಾಡಲಾರರೇ?

ಮಾಡಬಲ್ಲರು. ನಾನೇ ನೋಡಿದ್ದೇನೆ. ಅಪ್ಪನ ಬಿಪಿಯನ್ನು ಮೊದಲ ಸಲ ಸರಿಯಾಗಿ ಅಳೆದವರು ನಮ್ಮ ಉಪಕೇಂದ್ರದ ಸಿಎಚ್‌ಒ. ಅಪ್ಪನನ್ನು ಐದು ನಿಮಿಷ ಬೆನ್ನಿಗೆ ಆಧಾರ ಕೊಟ್ಟು ಕೂರಿಸಿದರು. 'ಮಾತಾಡಬೇಡಿ ತಾತ' ಎಂದರು. ಅಂಗಿ ತೋಳು ಮಡಿಸಿ, ಎರಡು ಸಲ ನೋಡಿದರು. 168/92. ಆಮೇಲೆ ಎದ್ದು ನಿಲ್ಲಿಸಿ ಮತ್ತೊಮ್ಮೆ ನೋಡಿದರು. ವಯಸ್ಸಾದವರಿಗೆ ನಿಂತಾಗ ಬಿಪಿ ಇಳಿದು ತಲೆ ಸುತ್ತಿ ಬೀಳಬಹುದು, ಅದಕ್ಕೆ ನೋಡಬೇಕು ಎಂದು ಹೇಳಿದವರೂ ಅವರೇ. ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ಸಿಗದ ಚಿಕಿತ್ಸೆ ಎರಡು ಕೋಣೆಯ ಉಪಕೇಂದ್ರದಲ್ಲಿ ಸಿಕ್ಕಿತು. ಆದರೆ ಮಾತ್ರೆ ಕೊಟ್ಟದ್ದು ಹತ್ತು ದಿನದ್ದು. ಮುಂದಿನ ಸಲ ಹೋದಾಗ ಸ್ಟಾಕ್ ಇಲ್ಲ. ಅದರ ಮುಂದಿನ ಸಲ ಬೇರೆ ಮಾತ್ರೆ. ನಮಗೆ ಸಂಬಳ ಇದೆ, ಹೊರಗೆ ತೆಗೆದುಕೊಂಡೆವು. ಪಕ್ಕದ ಬೆಂಚಿನಲ್ಲಿದ್ದ ಅಜ್ಜಿ ಮಾತ್ರೆ ಇಲ್ಲ ಎಂದ ಕೂಡಲೇ ಎದ್ದು ಹೋದರು. ಹತ್ತು ದಿನ ತಿಂದು ಇಪ್ಪತ್ತು ದಿನ ಬಿಡುವ ಬಿಪಿ ಮಾತ್ರೆಯಿಂದ ಯಾರ ಮೆದುಳೂ ಉಳಿಯುವುದಿಲ್ಲ.

ಇನ್ನು ಅರಿವಿನ ಪರೀಕ್ಷೆ, ಅಂದರೆ ನೆನಪು, ಯೋಚನೆ ಹೇಗಿದೆ ಎಂದು ನೋಡುವ ಪರೀಕ್ಷೆ. 2022ರಲ್ಲಿ ನಿಮ್ಮದೇ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಶುರು ಮಾಡಿತು. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರಿನ ಜಯನಗರದಲ್ಲಿ ಮೊದಲು. ಬೇರೆ ಜಿಲ್ಲೆಗಳಿಗೂ ವಿಸ್ತರಿಸುತ್ತೇವೆ ಎಂದು ಸರ್ಕಾರ ಆಮೇಲೆ ಹೇಳಿತು. ಒಳ್ಳೆಯ ಕೆಲಸ, ಸುಮ್ನೆ ಹೊಗಳುತ್ತಿಲ್ಲ. ಆದರೆ ಅದರಡಿ ಬ್ರೈನ್ ಹೆಲ್ತ್ ಕ್ಲಿನಿಕ್ ಅಂತ ಒಂದು ಇದೆ ಎಂದು ನಮಗೆ ಯಾವ ಆಸ್ಪತ್ರೆಯೂ ಹೇಳಲಿಲ್ಲ. ಗೊತ್ತಾದದ್ದು ಪೇಪರಿನ ಒಳಪುಟದ ಒಂದು ಸುದ್ದಿಯಿಂದ. ಅಲ್ಲಿ ಹೋದಾಗ ಕನ್ನಡದಲ್ಲೇ ಪರೀಕ್ಷೆ ಮಾಡಿದರು. ಗಡಿಯಾರ ಬರೆಸಿದರು, ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತೀರಿ ಎಂದರು, ಅಂಕಿ ಅಕ್ಷರ ಒಂದಾದ ಮೇಲೊಂದು ಸೇರಿಸುತ್ತಾ ಗೆರೆ ಎಳೆಸಿದರು. ವಾರ, ತಾರೀಖು, ಮುಖ್ಯಮಂತ್ರಿ ಎಂದಾಗ ಎಡವದ ಅಪ್ಪ ಆ ಗೆರೆಯ ಮುಂದೆ ತಡಕಾಡಿದರು. ಕಲಿತ ಪದಗಳನ್ನು ಸ್ವಲ್ಪ ಸುಳಿವು ಕೊಟ್ಟರೆ ನೆನಪಿಸಿಕೊಂಡರು. ಅಂದರೆ ನೆನಪು ಒಳಗೆ ಇದೆ, ತೆಗೆಯುವುದು ನಿಧಾನ. ರಕ್ತ ಪರೀಕ್ಷೆಯಲ್ಲಿ ಬಿ12 ಕಡಿಮೆ ಇದೆ ಎಂದೂ ಗೊತ್ತಾಯಿತು. ಸಸ್ಯಾಹಾರಿ ಮನೆಗಳಲ್ಲಿ ಅದು ಕಡಿಮೆ ಇರುವುದು ಹೊಸ ವಿಷಯವೇನೂ ಅಲ್ಲ. ಅದನ್ನು ಸರಿಪಡಿಸಬಹುದು, ಥೈರಾಯ್ಡ್ ತೊಂದರೆ ಇದ್ದರೆ ಅದನ್ನೂ. ಟಾನಿಕ್ ಬರೆಯುವ ಮೊದಲು ನೋಡಬೇಕಾಗಿದ್ದದ್ದು ಇವು. ಆಕ್ಸಿಬ್ಯುಟಿನಿನ್ ನಿಲ್ಲಿಸಿದವರೂ ಈ ಕ್ಲಿನಿಕ್ಕಿನವರೇ.

ಇಂಥ ಪರೀಕ್ಷೆಗಳು ಕನ್ನಡದಲ್ಲಿ ಇಲ್ಲ ಎಂಬ ನೆಪ ಈಗ ನಡೆಯುವುದಿಲ್ಲ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ತಯಾರಿಸಿದ ಪರೀಕ್ಷೆಗಳ ಸೆಟ್ ಐದು ಭಾರತೀಯ ಭಾಷೆಗಳಲ್ಲಿದೆ, ಅದರಲ್ಲಿ ಕನ್ನಡವೂ ಒಂದು. ಬೇರೆ ಪರೀಕ್ಷೆಗಳ ಕನ್ನಡ ರೂಪವೂ ಇದೆ. ಇಲ್ಲದ್ದು ಅದನ್ನು ಮಾಡಲು ಕಲಿತ ಜನ, ಮತ್ತು ಒಬ್ಬ ರೋಗಿಗೆ ಅರ್ಧ ಗಂಟೆ ಕೊಡುವ ಪುರುಸೊತ್ತು. ಶಾಲೆಗೇ ಹೋಗದ ನಮ್ಮ ಅಜ್ಜಿಯರಿಗೆ ಗಡಿಯಾರ ಬರೆಸಿ ಅಂಕ ಕಡಿಮೆ ಕೊಡುವುದು ಅನ್ಯಾಯ. ಅವರಿಗೆ ತಕ್ಕ ಪರೀಕ್ಷೆ ಬೇರೆ ಬೇಕು. ಮನೆಯಲ್ಲಿ ಉರ್ದು, ತುಳು, ಲಂಬಾಣಿ ಮಾತಾಡುವವರ ವಿಷಯವೂ ಇದೆ. ಅದನ್ನು ಬರೆಯಲು ನನಗಿಂತ ಚೆನ್ನಾಗಿ ಬಲ್ಲವರಿದ್ದಾರೆ.

ಇದು ನಮ್ಮ ರಾಜ್ಯಕ್ಕೆ ದೂರದ ವಿಷಯವಲ್ಲ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಬ್ರೈನ್ ರಿಸರ್ಚ್ 45 ದಾಟಿದ ಹಳ್ಳಿಯವರನ್ನು 2018ರಿಂದ ವರ್ಷ ವರ್ಷವೂ ಪರೀಕ್ಷಿಸುತ್ತಾ ಬಂದಿದೆ. 10,000 ಜನರನ್ನು ಸೇರಿಸಿಕೊಳ್ಳುವ ಗುರಿ ಅದು. ಬಿಪಿ, ಶುಗರ್, ನೆನಪು, ಎಂಆರ್‌ಐ ಎಲ್ಲವನ್ನೂ ನೋಡುತ್ತಾರೆ. ಮೆದುಳು ಮುಪ್ಪಾಗುವ ಬಗೆಯನ್ನು ದೇಶವೇ ನಮ್ಮ ರೈತರಿಂದ ಕಲಿಯುತ್ತಿದೆ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜಿನ ಪ್ರಕಾರ 60 ದಾಟಿದ ಭಾರತೀಯರಲ್ಲಿ 7.4 ಪರ್ಸೆಂಟ್, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. ಹೆಂಗಸರಲ್ಲಿ, ಹಳ್ಳಿಗಳಲ್ಲಿ ಜಾಸ್ತಿ. ಸ್ಕ್ಯಾನ್ ಸೆಂಟರ್ ಇರುವುದು ಪೇಟೆಯಲ್ಲಿ, ಕಾಯಿಲೆ ಹೆಚ್ಚಿರುವುದು ಹಳ್ಳಿಯಲ್ಲಿ.

ಹಾಗಂತ ಎಲ್ಲ ಹಿರಿಯರಿಗೂ ಎಂಆರ್‌ಐ ಮಾಡಿಸಿ ಎಂದು ನಾನು ಕೇಳುತ್ತಿಲ್ಲ. ಅದರಿಂದ ಸ್ಕ್ಯಾನ್ ಸೆಂಟರಿಗೆ ಲಾಭ, ಮನೆಯವರಿಗೆ ಭಯ. ನರದ ಎಳೆಗಳ ಗುಂಟ ನೀರು ಹೇಗೆ ಹರಿಯುತ್ತದೆ ಎಂದು ನೋಡುವ ಡಿಟಿಐ ಎಂಬ ಇನ್ನೊಂದು ಬಗೆಯ ಸ್ಕ್ಯಾನ್ ಇದೆ. ಮಾಮೂಲಿ ಎಂಆರ್‌ಐನಲ್ಲಿ ಮಚ್ಚೆ ಕಾಣುವ ಮೊದಲೇ ಎಂಸಿಐ ಇರುವವರ ಕೆಲವು ಎಳೆಗಳಲ್ಲಿ ಬದಲಾವಣೆ ಅದರಲ್ಲಿ ಕಾಣುತ್ತದೆ. ಅದು ಸದ್ಯಕ್ಕೆ ಸಂಶೋಧಕರ ಕೈಯಲ್ಲೇ ಇರಲಿ. ನಾನು ಕೇಳುವುದು ಅದಕ್ಕಿಂತ ತುಂಬಾ ಅಗ್ಗದ್ದು.

ಯಾವ ಕಾರಣಕ್ಕೇ ಆಗಲಿ ಎಂಆರ್‌ಐ ಮಾಡಿಸಿದ ಹಿರಿಯರ ರಿಪೋರ್ಟಿನಲ್ಲಿ ವೈಟ್ ಮ್ಯಾಟರ್ ಬದಲಾವಣೆ ಇದ್ದರೆ ಗ್ರೇಡ್ ಎಷ್ಟು ಎಂದು ಕಡ್ಡಾಯವಾಗಿ ಬರೆಯುವಂತೆ ಆದೇಶ ಮಾಡಿ. ಗ್ರೇಡ್ 2 ಅಥವಾ 3 ಇದ್ದವರಿಗೆ ರಿಪೋರ್ಟಿನ ಜೊತೆ ಕನ್ನಡದಲ್ಲಿ ಒಂದು ಪುಟದ ಚೀಟಿ ಕೊಡಿಸಿ. ಇದೇನು, ಬಿಪಿ ಎಷ್ಟಿರಬೇಕು, ಶುಗರ್, ಬಿ12, ಥೈರಾಯ್ಡ್ ನೋಡಿಸಿ, ಬೀಡಿ ಸಿಗರೇಟು ಬಿಡಿ, ದಿನಾ ನಡೆಯಿರಿ, ಕಿವಿ ಕೇಳಿಸದಿದ್ದರೆ ತೋರಿಸಿ, ಅರಿವಿನ ಪರೀಕ್ಷೆಗೆ ಇಲ್ಲಿಗೆ ಹೋಗಿ ಎಂದು ಅದರಲ್ಲಿರಲಿ. ಬರೆಯುವ ಕೆಲಸಕ್ಕೆ ನಿಮ್ಹಾನ್ಸ್‌ನವರು ಇದ್ದಾರೆ, ಭಾಷೆ ತಿದ್ದಿಕೊಡಿ ಎಂದರೆ ನಮ್ಮಂಥ ಮೇಷ್ಟ್ರುಗಳು ಎಷ್ಟು ಬೇಕಾದರೂ ಸಿಗುತ್ತೇವೆ.

ಬಿಪಿ ಮಾತ್ರೆಯನ್ನು ಒಂದೇ ಸಲಕ್ಕೆ ಕನಿಷ್ಠ 30 ದಿನದ್ದು ಕೊಡಿ, ಪ್ರತಿ ಸಲವೂ ಅದೇ ಮಾತ್ರೆ ಇರುವಂತೆ ನೋಡಿಕೊಳ್ಳಿ. ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಬಾಗಿಲಿಗೆ ಬಂದು ಬಿಪಿ, ಶುಗರ್ ನೋಡುತ್ತಾರಲ್ಲ, ಅಲ್ಲಿ 60 ದಾಟಿದವರಿಗೆ ಇನ್ನು ಮೂರು ನಾಲ್ಕು ಪ್ರಶ್ನೆ ಸೇರಿಸಿ. ದುಡ್ಡಿನ ಲೆಕ್ಕ ಮೊದಲಿಗಿಂತ ನಿಧಾನವಾಗಿದೆಯೇ? ನಡಿಗೆ ಬದಲಾಗಿದೆಯೇ? ಈ ವರ್ಷ ಬಿದ್ದಿದ್ದೀರಾ? ಮೂತ್ರ ತಡೆಯಲು ಆಗುವುದಿಲ್ಲವೇ? ಹಿರಿಯರನ್ನಷ್ಟೇ ಅಲ್ಲ, ಮನೆಯವರನ್ನೂ ಕೇಳಬೇಕು. ಅಪ್ಪನನ್ನು ಕೇಳಿದ್ದರೆ 'ನನಗೇನಾಗಿದೆ' ಎಂದೇ ಹೇಳುತ್ತಿದ್ದರು. ಕೆಲಸ ಹೆಚ್ಚಿಸುವಾಗ ಆಶಾ ಅಕ್ಕಂದಿರ ಗೌರವಧನವನ್ನೂ ಹೆಚ್ಚಿಸಿ. ಬಾಯಿಮಾತಿನ ಗೌರವ ಅವರಿಗೆ ಬೇಕಾದಷ್ಟು ಸಿಕ್ಕಿದೆ.

ಕೊನೆಯದಾಗಿ, ಸರ್ಕಾರಿ ಆಸ್ಪತ್ರೆಗಳಲ್ಲಾದರೂ ಹಿರಿಯರ ಚೀಟಿಯನ್ನು ವರ್ಷಕ್ಕೊಮ್ಮೆ ಪೂರ್ತಿ ತೆಗೆದು ನೋಡುವ ಪದ್ಧತಿ ಬರಲಿ. ನಿದ್ದೆ ಮಾತ್ರೆ, ಮೂತ್ರದ ಮಾತ್ರೆ, ಅಲರ್ಜಿ ಮಾತ್ರೆ ಎಂದು ಒಬ್ಬೊಬ್ಬ ಡಾಕ್ಟರು ಒಂದೊಂದು ಸೇರಿಸುತ್ತಾ ಹೋಗುತ್ತಾರೆ, ತೆಗೆಯುವವರು ಯಾರೂ ಇಲ್ಲ.

ಇವಕ್ಕೆಲ್ಲ ಬಜೆಟ್, ಟೆಂಡರ್, ಕಡತ ಎಂದು ಸಮಯ ಹಿಡಿಯುತ್ತದೆ ಎಂಬುದು ಸರ್ಕಾರಿ ನೌಕರಳಾದ ನನಗೂ ಗೊತ್ತು. ಈ ತಿಂಗಳೇ ಆಗಬಹುದಾದ್ದು ಒಂದಿದೆ. ಯಾವ ಯಾವ ಜಿಲ್ಲಾ ಆಸ್ಪತ್ರೆಯಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ ನಡೆಯುತ್ತಿದೆ, ಎಷ್ಟನೇ ನಂಬರಿನ ಕೋಣೆ, ವಾರದ ಯಾವ ದಿನ, ಎಷ್ಟು ಹೊತ್ತಿಗೆ ಎಂಬುದನ್ನು ಪ್ರತಿ ತಾಲ್ಲೂಕು ಆಸ್ಪತ್ರೆಯ ಮತ್ತು ಪಿಎಚ್‌ಸಿಯ ಗೋಡೆ ಮೇಲೆ ಬರೆಸಿ. ಕಳೆದ ಒಂದು ವರ್ಷದಲ್ಲಿ ಆ ಕ್ಲಿನಿಕ್‌ಗಳಿಗೆ ಎಂಸಿಐ ಎಂದು ಎಷ್ಟು ಜನ ಬಂದರು, ಅವರಲ್ಲಿ ಎಷ್ಟು ಜನರ ಬಿಪಿ ಹತೋಟಿಗೆ ಬಂತು ಎಂಬ ಲೆಕ್ಕವನ್ನು ಜಿಲ್ಲಾವಾರು ಪ್ರಕಟಿಸಿ. ಉತ್ತರ ನನಗೊಬ್ಬಳಿಗೆ ಬರೆಯುವುದು ಬೇಡ. ಈ ಪತ್ರದ ಹಾಗೆ ಅದೂ ಬಹಿರಂಗವಾಗಿಯೇ ಬರಲಿ.

ಇಂತಿ ತಮ್ಮ ವಿಶ್ವಾಸಿ,
ಬಯಲುಸೀಮೆಯ ಒಬ್ಬ ಹೈಸ್ಕೂಲ್ ವಿಜ್ಞಾನ ಶಿಕ್ಷಕಿ